ಎಮ್ಮೆ ತುಳಿದ ಕೆರೆ

ಗುಳುಕ್.

ಏರಿಯ ಮೇಲೆ ಕೂತು ಲಾವಂಚದ ಬುಡಕ್ಕೆ ಮಣ್ಣೇರಿಸುತ್ತಿದ್ದ ದುರ್ಗಿ ಕೈ ತಡೆದಳು. ಬಾಯಿ ಕಿರಿದಾದ ಕೊಡವನ್ನು ನೀರಿಗೆ ಅದ್ದಿದರೆ ಬರುವಂಥ ಸದ್ದು. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಗುಳುಕ್. ಕಪ್ಪೆಯಲ್ಲ. ಕಪ್ಪೆಯ ಸದ್ದಿಗೆ ಗಂಟಲಿರುತ್ತದೆ, ಇದಕ್ಕೆ ಹೊಟ್ಟೆ ಮಾತ್ರ ಇತ್ತು. ಅವಳು ಕತ್ತಿಯನ್ನು ನೆಲಕ್ಕೆ ಚುಚ್ಚಿ, ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋಗಿ ನಿಂತಳು. ಕೆರೆಯ ನಡುವೆ ಒಂದು ಗುಳ್ಳೆ ಎದ್ದು ಒಡೆಯಿತು. ಅದರ ಪಕ್ಕದಲ್ಲೇ ಇನ್ನೊಂದು. ನಿನ್ನೆ ಅವಳ ಕಾಲು ತೋಯಿಸಿದ್ದ ಮೆಟ್ಟಿಲು ಇವತ್ತು ಒಣಗಿ ಬೆಳ್ಳಗಾಗಿತ್ತು.

ಕೆರೆ ತಳದಿಂದ ಸೋರುತ್ತಿತ್ತು.

ಹಸ್ತ ಮಳೆ ಆಗಲೇ ಮುಗಿದಿತ್ತು. ಇನ್ನು ಬಂದರೆ ಚಿತ್ತೆಯ ನಾಲ್ಕು ಹನಿ, ಆಮೇಲೆ ಸ್ವಾತಿ. ಸ್ವಾತಿ ಹೋದಮೇಲೆ ಆಕಾಶದ ಕಡೆ ಮುಂದಿನ ಮಿರ್ಗದ ಮಳೆಯವರೆಗೆ ನೋಡುವ ಕೆಲಸವಿಲ್ಲ. ಈಗ ಹಿಡಿದ ನೀರೇ ನೀರು.

ನಿಲ್ಕುಂದದಿಂದ ಈಚೆ, ರಸ್ತೆ ಕಾಡಿಗೆ ಇಳಿಯುವ ತಿರುವಿನಲ್ಲಿ ದುರ್ಗಿ ಮತ್ತು ಅವಳ ಗಂಡ ಮಾಸ್ತಿಯ ಜಾಗ. ಮೇಲೆ ಕಾಡು, ಕೆಳಗೆ ಗದ್ದೆ, ನಡುವೆ ಉದ್ದಕ್ಕೆ ಇಳಿಜಾರು. ಮಳೆಗಾಲದಲ್ಲಿ ಗುಡ್ಡದ ನೀರೆಲ್ಲ ಆ ಇಳಿಜಾರಿನ ಮೇಲೆ ಓಡಿ, ಗದ್ದೆಯ ಅಂಚು ಒಡೆದು, ಹಳ್ಳಕ್ಕೆ ಬಿದ್ದು, ಘಟ್ಟ ಇಳಿದು ಹೋಗುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಅದೇ ಮನೆಯ ಬಾವಿಯಲ್ಲಿ ಕೊಡ ಮುಳುಗುತ್ತಿರಲಿಲ್ಲ. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ದುರ್ಗಿ ಅತ್ತೆಯನ್ನು ಕೇಳಿದ್ದಳು, "ಇಷ್ಟೆಲ್ಲ ನೀರು ಎತ್ಲಾಗೆ ಹೋಗ್ತದೆ?"

"ಹೋಗೂದು ನೀರಿನ ಧರ್ಮ."

"ಕಟ್ಟಿ ಹಾಕೂದು ನಮ್ಮ ಧರ್ಮ ಅಲ್ದಾ?"

ಅತ್ತೆ ಹೊಸ ಸೊಸೆಗೆ ಬಾಯಿ ಜಾಸ್ತಿ ಎಂದು ಊರಿಗೆಲ್ಲ ಹೇಳಿದಳು.

ಆ ಮಾತನ್ನು ಕೈಗೆ ಇಳಿಸಲು ದುರ್ಗಿಗೆ ಅರ್ಧ ಆಯುಷ್ಯ ಹಿಡಿಯಿತು. ಉದ್ಯೋಗ ಖಾತ್ರಿಯಲ್ಲಿ ಹೆಂಗಸರ ಜೊತೆ ಕಾಡಿಗೆ ಹೋಗಿ ಇಂಗುಗುಂಡಿ ತೋಡುತ್ತಿದ್ದಾಗ ಒಂದು ದಿನ ಗುದ್ದಲಿ ನಿಲ್ಲಿಸಿ, "ಸರ್ಕಾರದ ಗುಡ್ಡಕ್ಕೆಲ್ಲ ಗುಂಡಿ ತೋಡಿದವ್ಳು ನನ್ನ ಗುಡ್ಡಕ್ಕೆ ಒಂದು ತೋಡ್ಲಿಕ್ಕೆ ಆಗೂದಿಲ್ವಾ?" ಎಂದಳಂತೆ. ಜೊತೆಯವರು ನಕ್ಕರು. ಆ ಮಳೆಗಾಲ ಪೂರ್ತಿ ಅವಳು ಕಂಬಳಿಕೊಪ್ಪೆ ಹೊದ್ದು ಇಳಿಜಾರಿನಲ್ಲಿ ನಿಂತು ನೀರಿನ ದಾರಿ ನೋಡಿದಳು. ಎಲ್ಲಿ ಓಡುತ್ತದೆ, ಎಲ್ಲಿ ಸುತ್ತು ಹಾಕುತ್ತದೆ, ಎಲ್ಲಿ ಬೆಟ್ಟ ಹತ್ತಿ ಬಂದವರ ಹಾಗೆ ಒಂದು ಗಳಿಗೆ ನಿಂತು ಉಸಿರು ಬಿಡುತ್ತದೆ. ಉಸಿರು ಬಿಡುವ ಜಾಗದಲ್ಲಿ ಕೆರೆ ತೋಡಿದಳು. ಮಾಸ್ತಿ ಮಣ್ಣು ಹೊತ್ತ. ಅವನ ತಮ್ಮ ಕೆರಿಯ, ಬೇಲಿಯಾಚೆ ಬೇರೆ ಮನೆ ಮಾಡಿಕೊಂಡಿದ್ದವನು, ದಿಮ್ಮಸು ಹೊಡೆದು ಏರಿ ಗಟ್ಟಿ ಮಾಡಿದ.

ಎಲ್ಲಕ್ಕಿಂತ ಮೊದಲು ಅವಳು ಕಟ್ಟಿದ್ದು ಕೋಡಿ. ಹೆಚ್ಚಾದ ನೀರು ಹೊರಗೆ ಹೋಗುವ ದಾರಿ. ಏರಿಯ ಮೇಲೆ ಬೇಡವೆಂದು ಪಕ್ಕದ ಗಟ್ಟಿ ನೆಲದಲ್ಲಿ ಕಲ್ಲು ಹಾಸಿ ಮಾಡಿದಳು. "ಮನೆಗೆ ಗೋಡೆ ಮೊದ್ಲು, ಕೆರೆಗೆ ಬಾಗ್ಲು ಮೊದ್ಲು" ಎಂದು ಅವಳು ಈಗಲೂ ಹೇಳುತ್ತಾಳೆ. ನೀರು ಒಳಬರುವಲ್ಲಿ ಒಂದು ಸಣ್ಣ ಗುಂಡಿ. ಗುಡ್ಡದಿಂದ ಬಂದ ಹೂಳು, ತರಗೆಲೆ ಮೊದಲು ಅದರಲ್ಲಿ ಕೂತು, ಕೆರೆಗೆ ಬರೀ ನೀರು ದಾಟಬೇಕು.

ಕಟ್ಟಿದ್ದು ಮೂರು ಬೇಸಿಗೆ. ನೋಡಿಕೊಳ್ಳುವುದಕ್ಕೆ ಮಾತ್ರ ಮುಗಿತಾಯವಿರಲಿಲ್ಲ. ಏರಿಯಲ್ಲಿ ಏಡಿ ಬಿಲ ಮಾಡಿದರೆ ಅದೇ ದಿನ ಮುಚ್ಚಬೇಕು. ಹಕ್ಕಿ ತಂದುಹಾಕಿದ ಬೀಜದಿಂದ ಗಿಡವೆದ್ದರೆ ಬೆರಳುದ್ದ ಇರುವಾಗಲೇ ಕೀಳಬೇಕು. ಮರವಾದರೆ ಬೇರು ಏರಿಯನ್ನು ಸೀಳುತ್ತದೆ. ಕೋಡಿಯ ಕಲ್ಲು ಜರುಗಿತೋ, ಗುಂಡಿ ತುಂಬಿತೋ, ಲಾವಂಚ ಎಲ್ಲಿ ತೆಳುವಾಯಿತೋ, ದಿನಾ ಒಂದು ಸುತ್ತು ಬರುವ ದುರ್ಗಿಯನ್ನು ನೋಡಿ ಮಾಸ್ತಿ ಹೇಳುತ್ತಿದ್ದ, "ಕೆರೆಗೆ ಜ್ವರ ಬಂದದ್ಯಾ ನೋಡು, ಹಣೆ ಮುಟ್ಟಿ."

ಬಾವಿ ಬತ್ತುವುದು ನಿಂತಿತು. ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಉದ್ದು, ಬದನೆ, ಬಸಳೆ ಬಂದವು. ಸುದ್ದಿ ಕೇಳಿ ಶಿರಸಿಯ ಕಡೆಯಿಂದ ಕೃಷಿ ಓದುವ ಹುಡುಗಿಯರ ಗುಂಪೊಂದು ಕೆರೆ ನೋಡಲು ಬಂತು. ಕೆರೆಯಲ್ಲಿ ಆಗ ಕೆರಿಯನ ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ಮಲಗಿದ್ದವು. ಒಬ್ಬಳು ಮೊಬೈಲಿನಲ್ಲಿ ಪಟ ತೆಗೆಯಲು ಹೋಗಿ, "ಅಯ್ಯೋ, ನೀರು ಯಾಕಿಷ್ಟು ರಾಡಿ?" ಎಂದಳು. ಸಹಜವಾಗಿ ಅಂದ ಮಾತು. ದುರ್ಗಿಗೆ ಮಾತ್ರ ತುಂಬಿದ ಮದುವೆಮನೆಯಲ್ಲಿ ಹರಿದ ಸೆರಗು ಕಂಡಂತಾಯಿತು.

ಹೋದ ಬೇಸಿಗೆಯಲ್ಲಿ ಅವಳು ಕೆರೆಯ ಹೂಳನ್ನು ಪೂರ್ತಿ ಎತ್ತಿಸಿದಳು. ಗದ್ದೆಗೆ ಅದು ಬಂಗಾರ. ಇನ್ನೊಂದು ಬುಟ್ಟಿ, ಇನ್ನೊಂದು ಬುಟ್ಟಿ ಎಂದು ಕೆರೆದೂ ಕೆರೆದೂ, ತಳದಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿನ ಹರಳು ಕಾಣುವವರೆಗೆ ಬಳಿದು ಗದ್ದೆಗೆ ಹಾಕಿದಳು. ಆಮೇಲೆ ಸುತ್ತ ಬಿದಿರುಮುಳ್ಳಿನ ಬೇಲಿ ಹಾಕಿದಳು. ಬೇಲಿ ಕಂಡು ಕೆರಿಯ ಎಮ್ಮೆಗಳೊಂದಿಗೆ ಅಲ್ಲೇ ನಿಂತ.

"ಎಮ್ಮೆ ಮೀಯದ ನೀರು ಎಂತ ನೀರು ಅತ್ಗೆ? ಪಟ ತೆಗಿಲಿಕ್ಕೆ ಇಟ್ಕಂಡಿದ್ಯಾ?"

"ನಿನ್ನ ಎಮ್ಮೆ ನಿನ್ನ ಜಾಗದಲ್ಲಿ ಮೀಯ್ಲಿ."

"ಆತು. ದಿಮ್ಮಸು ಹೊಡೂಕೆ ಕೆರಿಯ ಬೇಕು, ನೀರಿಗೆ ಬೇಡ."

ಅವತ್ತಿನಿಂದ ಎರಡು ಮನೆಯ ನಡುವೆ ಮಾತಿಲ್ಲ. ಮಳೆಗಾಲ ಬಂತು, ಕೆರೆ ತುಂಬಿತು, ನೀರು ಕನ್ನಡಿಯಾಯಿತು. ಬರುವ ನೀರು ಹೋಗುವ ನೀರಿಗಿಂತ ಹೆಚ್ಚಿದ್ದಷ್ಟು ದಿನ ಕೆರೆಯ ಗುಟ್ಟು ಯಾರಿಗೂ ಗೊತ್ತಾಗಲಿಲ್ಲ. ಮಳೆ ಕೈಬಿಟ್ಟೊಡನೆ ಅದು ಗುಳುಕ್ ಎಂದು ತಾನೇ ಹೇಳಿತು.

ಮರುದಿನ ಗುಳ್ಳೆ ಎದ್ದ ಜಾಗಕ್ಕೆ ದುರ್ಗಿ ಸೊಂಟದವರೆಗೆ ನೀರಿಗಿಳಿದು ಜೇಡಿಮಣ್ಣು ಮೆತ್ತಿದಳು. ಗುಳ್ಳೆ ಪಕ್ಕಕ್ಕೆ ಹೋಯಿತು. ಅಲ್ಲಿಗೂ ಮೆತ್ತಿದಳು. ಇನ್ನೊಂದು ಕಡೆ ಎದ್ದಿತು. ವಾರ ಕಳೆಯುವಷ್ಟರಲ್ಲಿ ಕೆರೆ ಅರ್ಧಕ್ಕಿಳಿದಿತ್ತು. ಅದೇ ಹೊತ್ತಿಗೆ ಮಾಸ್ತಿ ಬೈಕಿನ ಹಿಂದೆ ಒಬ್ಬ ದಪ್ಪ ಮೀಸೆಯವನನ್ನು ಕೂರಿಸಿಕೊಂಡು ಬಂದ. ಹಾವೇರಿ ಕಡೆಯ ಶಿವಪುತ್ರಪ್ಪ. ಜಾಗ ಗುತ್ತಿಗೆ ಹಿಡಿದು ಶುಂಠಿ ಬೆಳೆಯುವವನು.

"ನಮಸ್ಕಾರ್ರೀ ಅಕ್ಕಾರ. ಜಾಗ ಭಾರಿ ಚಲೋ ಐತ್ರಿ. ಈ ತಗ್ಗೊಂದು ಮುಚ್ಚಿಬಿಟ್ರ ಮ್ಯಾಲಿಂದ ಕೆಳಗಿನ ತನಕ ಒಂದ ಪಟ್ಟಿ ಆಕ್ಕೈತಿ."

ದುರ್ಗಿ ಗಂಡನ ಕಡೆ ತಿರುಗಿದಳು. "ತಗ್ಗು ಅಂದ್ರೆ ಯಾವ್ದು?"

ಮಾಸ್ತಿ ನೆಲ ನೋಡಿದ. ಅವನ ಮೇಲೆ ಸಿಟ್ಟು ಮಾಡುವುದೂ ಕಷ್ಟವಾಗಿತ್ತು. ಮಣ್ಣು ಹೊತ್ತೂ ಹೊತ್ತೂ ಅವನ ಮಂಡಿ ಸವೆದಿತ್ತು. "ನೀರು ನಿಲ್ಲದಿದ್ರೆ ಅದು ತಗ್ಗೇ ಅಲ್ದಾ ದುರ್ಗಿ? ಮತ್ತೆ ತೋಡು, ಮತ್ತೆ ಹೊರು ಅಂದ್ರೆ ನನ್ನ ಕೈಲಿ ಆಗೂದಿಲ್ಲ. ಇವ್ರು ಜೆಸಿಬಿ ತಂದು ಸಪಾಟು ಮಾಡ್ಕಂತ್ರು. ನಾವು ಆರಾಮ ಕೂರೂದು."

"ಗೊಬ್ಬರ, ವಿಷ ಸುರಿದು ಶುಂಠಿ ಬೆಳೆದು ಇವ್ರು ಹೋದ್ಮೇಲೆ ಆ ಮಣ್ಣಲ್ಲಿ ಎಂತ ಹುಟ್ತದೆ? ಅದನ್ನೂ ಕೇಳಿದ್ರಾ?"

"ಕೆರೆ ಒಣಗಿದ್ರೆ ಈಗಾದ್ರೂ ಎಂತ ಹುಟ್ತದೆ?"

ದುರ್ಗಿ ನೀರಿನಿಂದ ಮೇಲೆದ್ದ ಮೆಟ್ಟಿಲುಗಳನ್ನು ಎಣಿಸಿ ಹೇಳಿದಳು, "ಶಿವರಾತ್ರಿ ಕಳೀಲಿ. ಅವತ್ತಿಗೆ ಈ ಕೆರೆ ಒಣಗಿದ್ರೆ ನಾನೇ ಮುಂದೆ ನಿಂತು ಮುಚ್ಚಿಸ್ತೆ. ನೀರಿದ್ರೆ ಮತ್ತೆ ಈ ಮಾತು ನಮ್ಮ ಅಂಗಳದಲ್ಲಿ ಬರಬಾರ್ದು."

"ಅದಕ್ಕೇನಂತ್ರಿ," ಎಂದ ಶಿವಪುತ್ರಪ್ಪ ನಗುತ್ತ. "ನಂಗೂ ಬ್ಯಾಸಗ್ಯಾಗ ಬೇಕಾಗಿರೂದು ಜಾಗ. ಆದ್ರ ಅಕ್ಕಾರ, ತೂತು ಬಿದ್ದ ಕೊಡಕ್ಕ ಮುಹೂರ್ತ ಇಟ್ರ ತುಂಬತೈತೇನ್ರಿ?"

ಆ ಮಾತು ದುರ್ಗಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಬೆಳಿಗ್ಗೆ ಎದ್ದವಳೇ ಏರಿಯ ಉದ್ದಕ್ಕೂ ಕೈಯಾಡಿಸಿ ಬಿಲ ಹುಡುಕಿದಳು. ಇರಲಿಲ್ಲ. ಕೋಡಿ ಗಟ್ಟಿಯಾಗಿತ್ತು. ದಣಿದು, ನೀರು ಒಳಬರುವ ಕಡೆಯ ಸಣ್ಣ ಗುಂಡಿಯ ಬಳಿ ಕೂತಳು. ಅದು ಮುಳ್ಳುಬೇಲಿಯ ಹೊರಗೆ ಉಳಿದುಬಿಟ್ಟಿತ್ತು. ಕೆರೆಯಿಂದ ಓಡಿಸಲ್ಪಟ್ಟ ಕೆರಿಯನ ಎಮ್ಮೆಗಳು ಮಳೆಗಾಲವೆಲ್ಲ ಆ ಪುಟ್ಟ ಗುಂಡಿಯಲ್ಲೇ ಸರದಿ ಮಾಡಿಕೊಂಡು ಹೊರಳಿದ್ದವು. ಮುಖ ತೊಳೆಯಲು ಬಗ್ಗಿದ ದುರ್ಗಿ ಹಾಗೇ ನಿಂತಳು.

ಗುಂಡಿ ತುಂಬಿತ್ತು. ಅಂಚಿಗೆ ಬೆರಳಷ್ಟೇ ಬಾಕಿ.

ಕೆರೆಗಿಂತ ಎತ್ತರದ ಜಾಗ. ಅದೇ ಗುಡ್ಡ, ಅದೇ ಹರಳುಮಣ್ಣು, ತೋಡಿದ್ದೂ ಅದೇ ಗುದ್ದಲಿ. ಅವಳು ಗುಂಡಿಗೆ ಕಾಲಿಟ್ಟಳು. ಪಾದ ಬೆಣ್ಣೆಯಲ್ಲಿ ಇಳಿದಂತೆ ಇಳಿದು, ಅದರಡಿಯಲ್ಲಿ ಹಂಚಿನಷ್ಟು ಬಿಗಿಯಾದದ್ದಕ್ಕೆ ತಾಗಿ ನಿಂತಿತು. ಅಲ್ಲಿಂದ ನೇರ ಬೇಲಿ ಸರಿಸಿ ಕೆರೆಗಿಳಿದು ಅಲ್ಲಿಯೂ ಕಾಲೂರಿದಳು. ಹರಳು ಪಾದಕ್ಕೆ ಚುಚ್ಚಿತು. ಬೆರಳ ಸಂದಿಯಲ್ಲಿ ನೀರು ತಣ್ಣಗೆ ಕೆಳಕ್ಕೆ ಜಾರುವುದು ತಿಳಿಯುತ್ತಿತ್ತು.

ಅವಳು ಅಲ್ಲೇ ನಿಂತು ಜೋರಾಗಿ ನಕ್ಕಳು. ಗದ್ದೆಯಲ್ಲಿದ್ದ ಮಾಸ್ತಿ ಹೆದರಿ ಕುಂಟುತ್ತ ಬಂದ.

"ಎಂತ ಆತು ಮಾರಾಯ್ತಿ?"

"ಕೆರೆ ಕಟ್ಟಿದ್ದು ನಾವು ಅಂದ್ಕಂಡಿದ್ವಲ್ಲ," ಎಂದಳು ದುರ್ಗಿ, ಕಣ್ಣೊರೆಸಿಕೊಳ್ಳುತ್ತ. "ನಾವು ಬರೀ ತೋಡಿದ್ದು. ತಳ ಕಟ್ಟಿದ್ದು ಎಮ್ಮೆ. ಅಷ್ಟು ವರ್ಷ ತುಳಿದೂ ತುಳಿದೂ ಹೂಳನ್ನ ಹರಳಿನ ಸಂದಿಗೆಲ್ಲ ತುಂಬಿ ಮೆತ್ತಿಟ್ಟಿದ್ವು. ನಾನು ಅದನ್ನ ಕೆರೆದು ಗದ್ದೆಗೆ ಹಾಕ್ದೆ. ಮತ್ತೆ ಮೆತ್ತುವವ್ರಿಗೂ ಬೇಲಿ ಹಾಕ್ದೆ."

ಮಾಸ್ತಿ ಗುಂಡಿಯನ್ನೂ ಕೆರೆಯನ್ನೂ ಎರಡೆರಡು ಸಲ ನೋಡಿದ. "ಹಾಂಗಾರೆ ಈಗ?"

"ಈಗ ಜೇಡಿ ತರೂದು."

ಗದ್ದೆಯ ಕೊನೆಯ ಅಂಚಿನಡಿ ಒಳ್ಳೆಯ ಜೇಡಿಮಣ್ಣಿತ್ತು. ಅದನ್ನು ಅಗೆದು, ತಲೆಯ ಮೇಲೆ ಹೊತ್ತು, ದಿನಾ ಕುಗ್ಗುತ್ತಿದ್ದ ಕೆರೆಯ ಬೆತ್ತಲೆ ತಳಕ್ಕೆ ಹಾಸಿದಳು. ಹೊರಲಾರೆ ಎಂದಿದ್ದ ಮಾಸ್ತಿ ಕೂತಲ್ಲಿಂದಲೇ ಬುಟ್ಟಿ ತುಂಬಿಸಿಕೊಟ್ಟ. ದೀಪಾವಳಿ ಹತ್ತಿರ ಬರುವಷ್ಟರಲ್ಲಿ ತಳ ಮುಚ್ಚಿತ್ತು, ನಡುವೆ ಪಾದ ಮುಳುಗುವಷ್ಟು ನೀರು ಉಳಿದಿತ್ತು. ಆದರೆ ಜೇಡಿ ಹೆಂಟೆಹೆಂಟೆಯಾಗಿಯೇ ಇತ್ತು. ದುರ್ಗಿ ಸೀರೆ ಎತ್ತಿ ಕಟ್ಟಿ ತುಳಿದಳು. ಇಡೀ ಬೆಳಗು ತುಳಿದರೂ ಹದ ಬಂದದ್ದು ಒಂದು ಚಾಪೆಯಷ್ಟು ಜಾಗ. ಪಡುವಣದಲ್ಲಿ ಸ್ವಾತಿಯ ಮೋಡ ಕಪ್ಪಾಗತೊಡಗಿತ್ತು. ತಳ ಬಿಗಿಯಾಗುವ ಮೊದಲೇ ಮಳೆ ಬಿದ್ದರೆ ಜೇಡಿ ಕದಡಿ ಕೋಡಿಯಲ್ಲಿ ಹೋಗುವುದು. ನೀರು ಹರಳಿನಲ್ಲಿ ಹೋಗುವುದು. ಜಾಗ ಶುಂಠಿಗೆ ಹೋಗುವುದು.

"ಕೆರಿಯನ್ನ ನಾ ಕೇಳ್ಲಾ?" ಎಂದ ಮಾಸ್ತಿ.

"ಬೇಲಿ ಹಾಕಿದ್ದು ನಾನು. ಕೇಳೂದೂ ನಾನೇ."

ಗೋಪೂಜೆಯ ದಿನ ಆ ಸೀಮೆಯಲ್ಲಿ ದನ ಎಮ್ಮೆಗಳಿಗೆ ಮದುಮಕ್ಕಳ ಉಪಚಾರ. ಬೆಳಿಗ್ಗೆಯೇ ಮೈತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಲೋಟದ ಬಾಯನ್ನು ಕೆಮ್ಮಣ್ಣಿಗೂ ಬಿಳಿಜೇಡಿಗೂ ಅದ್ದಿ ಮೈತುಂಬ ಬಳೆಬಳೆಯಾಗಿ ಅಚ್ಚೊತ್ತುತ್ತಾರೆ. ಕೊರಳಿಗೆ ಚೆಂಡುಹೂ, ಪಚ್ಚೆತೆನೆ, ಹಣ್ಣಡಿಕೆಯ ಮಾಲೆ. ಮಾಲೆ ಹಿಡಿದು ಬಂದವರು ಯಾರೇ ಆಗಿರಲಿ, ಅವತ್ತು ಕೊಟ್ಟಿಗೆಯ ಮುಂದಿಂದ ಅವರನ್ನು ಬರಿಗೈಲಿ ಕಳಿಸುವಂತಿಲ್ಲ.

ದುರ್ಗಿ ಒಂದು ಮೊರದ ತುಂಬ ಮಾಲೆ, ಒಂದು ತಟ್ಟೆ ಕಡುಬು ಹಿಡಿದು ಕೆರಿಯನ ಅಂಗಳಕ್ಕೆ ಹೋದಳು. ಕೆರಿಯ ಬೆನ್ನು ತಿರುಗಿಸಿಕೊಂಡು ಒಂದು ಎಮ್ಮೆಯ ಕೊಂಬು ತಿಕ್ಕುತ್ತಿದ್ದ. ತಿರುಗಲಿಲ್ಲ. ಅವಳು ಒಂದೊಂದನ್ನೂ ಹೆಸರು ಹಿಡಿದು ಕರೆದು ಮಾಲೆ ಹಾಕಿದಳು. ಚಂದ್ರಿ, ಕಾಳಿ, ಬಾಲ ಮೊಂಡಾದ ಮೋಟಿ. ಎಲ್ಲ ಮುಗಿದ ಮೇಲೆ ಹೇಳಿದಳು, "ಇವ್ರನ್ನ ಕರೀಲಿಕ್ಕೆ ಬಂದೆ ಕೆರಿಯಾ. ಕೆರೆಗೆ."

ಕೆರಿಯ ಈಗ ತಿರುಗಿದ. "ಮೀಸಿ, ಅಚ್ಚು ಹೊಡೆದು, ಮಾಲೆ ಹಾಕಿ, ಕೆಸರಿಗೆ ಬಿಡೂದಾ? ಅದೂ ಹಬ್ಬದ ದಿನ? ಅತ್ಗೆ, ನಿಂಗೆ ತಲೆ ಸರಿ ಅದ್ಯಾ?"

"ಅವ್ರನ್ನೇ ಕೇಳು. ಎಮ್ಮೆ ಒಪ್ಪಿದ್ರೆ ನೀ ಎಂತಕ್ಕೆ ಬೇಡ ಅಂಬೂದು?"

"ಅಲ್ಲಿ ಬೇಲಿ ಅದೆ. ಮುಳ್ಳು ಚುಚ್ತದೆ."

"ಬೇಲಿ ಒಲೆಗೆ ಹೋತು." ದುರ್ಗಿ ತಟ್ಟೆಯನ್ನು ಅವನ ಮುಂದೆ ಹಿಡಿದಳು. "ಈ ಕಡುಬು ಬೆಂದದ್ದು ಅದ್ರಲ್ಲೇ."

ಕೆರಿಯ ಕಡುಬನ್ನು ನೋಡಿದ, ಅವಳ ಕೈಯ ಮೇಲಿನ ಮುಳ್ಳಿನ ಗೀರುಗಳನ್ನು ನೋಡಿದ. ಒಂದು ಮುರಿದು ಬಾಯಿಗೆ ಹಾಕಿಕೊಂಡ. ನಿಧಾನಕ್ಕೆ ಅಗಿದು ನುಂಗಿ, "ಬಿದಿರುಮುಳ್ಳಿನ ಬೆಂಕಿ ಜೋರು. ತಳ ಸೀದದೆ," ಎಂದ. ಹಗ್ಗ ಬಿಚ್ಚಿದ.

ಆಮೇಲಿನದನ್ನು ನಿಲ್ಕುಂದದ ಕಡೆಯವರು ಇವತ್ತಿಗೂ ನಕ್ಕು ನಕ್ಕು ಹೇಳುತ್ತಾರೆ. ಮದುವಣಗಿತ್ತಿಯರಂತೆ ಸಿಂಗಾರವಾದ ಎಮ್ಮೆಗಳು ಇಳಿಜಾರು ಹತ್ತಿದವು. ಕೆಸರಿನ ವಾಸನೆ ಮೂಗಿಗೆ ಬಂದದ್ದೇ ತಡ, ಮುಂದಿದ್ದ ಮೋಟಿ ಓಡಿತು. ಹಿಂದಿನವೂ ಓಡಿದವು. ಹೊರಳಿದವು, ಎದ್ದವು, ಮತ್ತೆ ಹೊರಳಿದವು. ಕೆಮ್ಮಣ್ಣಿನ ಬಳೆ, ಬಿಳಿಜೇಡಿಯ ಬಳೆ ಎಲ್ಲ ಕೆರೆಯ ತಳಕ್ಕೆ ಸೇರಿಹೋದವು. ಚೆಂಡುಹೂ ಕೆಸರಲ್ಲಿ ಹುದುಗಿತು. ಕೆರಿಯ ಅವುಗಳ ನಡುವೆ ನಿಂತು ಹೋ ಹೋ ಎನ್ನುತ್ತ ಗಾಣ ತಿರುಗಿಸಿದಂತೆ ಸುತ್ತು ಹೊಡೆಸಿದ. ದುರ್ಗಿ ಹಬ್ಬದ ಸೀರೆಯಲ್ಲೇ ಇಳಿದು ಎಮ್ಮೆಯ ಕಾಲು ಮುಟ್ಟದ ಮೂಲೆಗಳನ್ನು ತುಳಿದಳು. ಹಬ್ಬಕ್ಕೆ ಬಂದ ನೆಂಟರು ಏರಿಯ ಮೇಲೆ ಸಾಲಾಗಿ ನಿಂತು ಕೂಗಿದರು. ಮಾಸ್ತಿ ಅಷ್ಟು ಹೊತ್ತು ಮಂಡಿ ಹಿಡಿದು ಕೂತಿದ್ದವನು, ತಡೆಯಲಾರದೆ ಪಂಚೆ ಎತ್ತಿ ಇಳಿದೇಬಿಟ್ಟ. ಇಳಿದವನೇ ಜಾರಿ ಅಂಗಾತ ಬಿದ್ದ.

"ಬಿಡು ಅಣ್ಣ, ಏಳ್ಬೇಡ," ಎಂದ ಕೆರಿಯ. "ನಿನ್ನ ಬೆನ್ನಷ್ಟು ಅಗಲ ಇನ್ನು ತುಳಿಯೂದು ಬೇಡ."

ಸಂಜೆಯ ಹೊತ್ತಿಗೆ ತಳ ಒಂದೇ ಹದಕ್ಕೆ ಬಂದು, ಒರೆಸಿದ ಜಗಲಿಯ ಹಾಗೆ ಮಿನುಗುತ್ತಿತ್ತು. ಮರುದಿನವೂ ತುಳಿಸಿದರು. ಅದರ ಮರುದಿನ ಮಧ್ಯಾಹ್ನ ಗುಡ್ಡದ ನೆತ್ತಿಯಲ್ಲಿ ಗುಡುಗಿತು. ಸ್ವಾತಿ ಬಂದಳು. ಗುಡ್ಡದ ನೀರು ಕೆಂಪಗೆ ಇಳಿದು, ಗುಂಡಿಯಲ್ಲಿ ಹೂಳು ಬಿಟ್ಟು, ಕೆರೆಗೆ ಬಿತ್ತು. ದುರ್ಗಿ ಕೊಪ್ಪೆ ಹೊದ್ದು ಏರಿಯ ಮೇಲೆ ನಿಂತು, ಮೆಟ್ಟಿಲುಗಳು ಒಂದೊಂದಾಗಿ ಮುಳುಗುವುದನ್ನು ಮಕ್ಕಳ ಊಟ ನೋಡುವವಳಂತೆ ನೋಡಿದಳು.

ಮಳೆ ಬಿಟ್ಟ ಮಾರನೆಯ ಬೆಳಿಗ್ಗೆ ನೀರು ನಿಂತ ಮೆಟ್ಟಿಲಲ್ಲೇ ನಿಂತಿತ್ತು. ವಾರ ಕಳೆದ ಮೇಲೂ ಅಲ್ಲೇ. ಚಳಿ ಬಂತು, ಭತ್ತ ಕಣಕ್ಕೆ ಬಂತು, ಗದ್ದೆ ಖಾಲಿಯಾಯಿತು. ಬಿಸಿಲು ಕುಡಿದಷ್ಟು, ಬಾವಿಗೆ ಜಿನುಗಿದಷ್ಟು ಕೆರೆ ಇಳಿದಿತ್ತು, ಅಷ್ಟೇ. ಎಮ್ಮೆಗಳು ದಿನಾ ಮಧ್ಯಾಹ್ನ ಬಂದು ಮೂಗು ಮೇಲಿಟ್ಟು ಮಲಗುತ್ತಿದ್ದವು. ನೀರು ರಾಡಿಯಾಗಿತ್ತು. ಆ ರಾಡಿಯನ್ನು ಕಂಡರೆ ದುರ್ಗಿಗೆ ಈಗ, ಮಗು ಆಡಿ ಬಂದು ಹೊಲಸು ಮಾಡಿದ ಅಂಗಿಯನ್ನು ಕಂಡಷ್ಟು ಪ್ರೀತಿ.

ಶಿವರಾತ್ರಿ ಕಳೆಯಿತು. ಶಿವಪುತ್ರಪ್ಪ ಹೇಳಿದ ಮಾತಿಗೆ ತಪ್ಪದೆ ಬಂದ. ದುರ್ಗಿ ಆಗ ಏರಿಯ ಬುಡದ ತೂಬಿನ ಬಾಯಿ ತೆಗೆದು, ಉದ್ದಿನ ಗದ್ದೆಗೆ ನೀರು ಬಿಟ್ಟು, ಗುದ್ದಲಿ ಹಿಡಿದು ನಿಂತಿದ್ದಳು. ಅವನು ಏರಿ ಹತ್ತಿದ. ಕೆರೆ ನೋಡಿ ಮೀಸೆಯ ಮೇಲೆ ಕೈಯಿಟ್ಟವನು ಬಹಳ ಹೊತ್ತು ತೆಗೆಯಲಿಲ್ಲ.

"ಏನ್ರೀ ಅಕ್ಕಾರ ಇದು! ಸಿಮೆಂಟ್ ಹಾಕಿಸಿದ್ರೇನು?"

"ಎಮ್ಮೆ ಹಾಕಿಸ್ದೆ."

"ನಾವು ಎಲ್ರೂ ತುಳಿದದ್ದು," ಎಂದ ಮಾಸ್ತಿ, ಬದುವಿನ ಮೇಲೆ ಎದೆ ಸೆಟೆಸಿ ನಿಂತು. "ಒಂದು ಪಾಲು ನಾ ಬಿದ್ದೇ ಗಟ್ಟಿ ಮಾಡಿದ್ದು."

ಶಿವಪುತ್ರಪ್ಪ ಗಟ್ಟಿಯಾಗಿ ನಕ್ಕ. ಸೋತವನ ನಗೆಯಾದರೂ ಕೆಟ್ಟ ನಗೆಯಲ್ಲ. ಆಮೇಲೆ ದನಿ ತಗ್ಗಿಸಿ ದುರ್ಗಿಯ ಹತ್ತಿರ ಬಂದ. "ಆತು ಬಿಡ್ರಿ, ನಿಮ್ಮ ಮಾತ ಗೆದ್ದಿತು. ಈಗ ನಂದೊಂದು ಮಾತ ಕೇಳ್ರಿ. ಕೆರಿ ಮುಚ್ಚೂದು ಬ್ಯಾಡ. ಕೆರಿ ಸಮೇತ ಕೊಡ್ರಿ. ಇಷ್ಟು ನೀರಿದ್ರ ಶುಂಠಿ ಹೆಂಗ ಬರ್ತೈತಿ ಗೊತ್ತೈತೇನ್ರಿ ನಿಮಗ? ನೀರು ಬಿಡಾಕ ನಮ್ಮ ಆಳ ಇರ್ತಾರ, ನೀವು ಕಟ್ಟಿ ಮ್ಯಾಲ ಕುಂತು ಬರೇ..."

ದುರ್ಗಿಯ ಕಣ್ಣು ಗದ್ದೆಯ ಆಚೆ ತುದಿಯಲ್ಲಿತ್ತು. ನೀರು ಕೊನೆಯ ಸಾಲು ಮುಟ್ಟಿ, ತುಂಬಿ, ಬದುವಿನ ಮೇಲೆ ಬೆಳ್ಳಗೆ ಉಕ್ಕುತ್ತಿತ್ತು.

"ಅಕ್ಕಾರ, ನಾ ಹೇಳೂದು ಏನಂದ್ರ..."

"ನೀರು ಸಾಲು ದಾಟ್ತು," ಎಂದಳು ದುರ್ಗಿ. ಸೆರಗು ಸಿಕ್ಕಿಸಿ, ಗುದ್ದಲಿಯನ್ನು ಹೆಗಲಿಗೇರಿಸಿ, ಹಸಿಯಾದ ಬದುವಿನ ಮೇಲೆ ಹೆಜ್ಜೆ ಊರಿ ಊರಿ ಗದ್ದೆಯ ಆ ತುದಿಗೆ ನಡೆದಳು.